ಡಾಲಿಯದೋ ವಿಟ್ನಿಯದೋ: ಒಂದೇ ಹಾಡು, ಎರಡು ಶ್ರುತಿಯ ಪಾಡು

'ಐ ವಿಲ್ ಆಲ್ವೇಸ್ ಲವ್ ಯೂ' ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ವಿಟ್ನಿ ಹ್ಯೂಸ್ಟನ್ ಹಾಡಿದ 1992ರ ರೂಪದ ಕರೋಕೆ ಟ್ರ್ಯಾಕು. ದುಡ್ಡೂ ಕೊಟ್ಟು ಗಂಟಲೂ ಕೆಡಿಸಿಕೊಳ್ಳುವ ದಾರಿ ಅದು. ಡಾಲಿ ಪಾರ್ಟನ್ ತಾನೇ ಬರೆದು 1974ರಲ್ಲಿ ಹೊರತಂದ ಮೂಲವನ್ನು ಹಿಡಿಯಿರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕೇಳುವುದಕ್ಕೆ ಯಾವುದು ಚೆಂದ ಎಂಬ ಜಗಳ ಬೇರೆ. ಇಲ್ಲಿ ಮಾತು ಹಾಡುವವರ ಕಡೆಯಿಂದ.

ಡಾಲಿಯದು ಮೂರು ನಿಮಿಷಕ್ಕೂ ಕಡಿಮೆ, ವಿಟ್ನಿಯದು ನಾಲ್ಕೂವರೆ. ಎರಡೂ ನಿಧಾನ. ಹೆಚ್ಚಿನ ಒಂದೂವರೆ ನಿಮಿಷ ಎಲ್ಲಿ ಹೋಯಿತು ಎಂದು ನೋಡಿದರೆ ತೊಂದರೆಯೆಲ್ಲ ಅಲ್ಲೇ ಸಿಗುತ್ತದೆ.

ಮೊದಲ ತೊಂದರೆ ಆರಂಭದಲ್ಲೇ. ವಿಟ್ನಿ ಇದನ್ನು ಹಾಡಿದ್ದು 'ದಿ ಬಾಡಿಗಾರ್ಡ್' ಚಿತ್ರಕ್ಕೆ. ಅದಕ್ಕೆ ಈ ಹಾಡು ತಂದ ಚಿತ್ರದ ನಾಯಕ ಕೆವಿನ್ ಕಾಸ್ಟ್‌ನರ್, ಮೊದಲ ಚರಣ ವಾದ್ಯಗಳಿಲ್ಲದೆ ಬರಬೇಕೆಂದು ಹಟ ಹಿಡಿದ. ಮುಕ್ಕಾಲು ನಿಮಿಷದ ಹತ್ತಿರ ಬರೀ ಕಂಠ. ಕೇಳುವಾಗ ಮೈ ಜುಮ್ಮೆನ್ನುತ್ತದೆ, ಹಾಡುವಾಗ ಬೆವರಿಳಿಯುತ್ತದೆ. ಶ್ರುತಿಯಿಲ್ಲದೆ ಅಷ್ಟು ಹೊತ್ತು, ಅದೂ ತಾಳವಿಲ್ಲದೆ ಎಳೆದೆಳೆದು ಹಾಡಿದರೆ ಸ್ವರ ಮೆಲ್ಲಗೆ ಕೆಳಗೆ ಜಾರುತ್ತದೆ. ಸಾಲಿನ ಕೊನೆಯಲ್ಲಿ ಉಸಿರು ಕಡಿಮೆಯಾಗಿ ಸ್ವರ ಕುಸಿಯುತ್ತದೆ, ಮುಂದಿನ ಸಾಲು ಆ ಕುಸಿದ ಜಾಗದಿಂದಲೇ ಶುರುವಾಗುತ್ತದೆ. ನಾಲ್ಕು ಸಾಲಿಗೆ ಅರ್ಧ ಸ್ವರ ಹೋದರೂ ಹಾಡುವವರಿಗೆ ಗೊತ್ತಾಗುವುದಿಲ್ಲ. ವಾದ್ಯಗಳು ತಮ್ಮ ಶ್ರುತಿಯಲ್ಲಿ ಬಂದು ಸೇರಿದ ಕೂಡಲೇ ಸಭೆಗೆಲ್ಲ ಗೊತ್ತಾಗುತ್ತದೆ.

ಇದಕ್ಕೆ ನಮ್ಮಲ್ಲೇ ಮದ್ದಿದೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿ ತಂಬೂರಿ ಆ್ಯಪ್ ಹಚ್ಚಿ. ವಿಟ್ನಿಯ ಹಾಡಿನ ಶ್ರುತಿ ಎ ಮೇಜರ್, ಅಂದರೆ ಹಾರ್ಮೋನಿಯಂನ ಆರನೆಯ ಬಿಳಿ ಮನೆ, ಬಿಳಿ 6. ಷಡ್ಜ-ಪಂಚಮ (ಸ, ಪ) ಸಾಕು. ಹೀಗೆ ವಾರ ಹತ್ತು ದಿನ ಅಭ್ಯಾಸ ಮಾಡಿ, ಆಮೇಲೆ ಸಾಲಿನ ಕೊನೆಯಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಾ ಹೋದರೆ ಜಾರುವುದು ನಿಲ್ಲುತ್ತದೆ. ಟ್ರ್ಯಾಕ್ ಕೊಳ್ಳುವ ಮುನ್ನ ಮೊದಲ ಒಂದು ನಿಮಿಷವನ್ನು ಕೇಳಿ ನೋಡಿ. ಕೆಲವು ಟ್ರ್ಯಾಕ್‌ಗಳಲ್ಲಿ ಆ ಭಾಗ ಪೂರ್ತಿ ಮೌನ, ಆರಂಭದ ಸ್ವರವನ್ನೂ ಕೊಡುವುದಿಲ್ಲ. ಕೆಲವರು ಹಿಂದೆ ಸಣ್ಣಗೆ ಕೀಬೋರ್ಡ್ ಹಿಡಿದಿರುತ್ತಾರೆ. ಎರಡನೆಯದನ್ನೇ ಕೊಳ್ಳಿ.

ಆದರೆ ಆ ತಂಬೂರಿಯನ್ನು ಕೊನೆವರೆಗೆ ಬಿಟ್ಟಿರೋ, ಕೆಟ್ಟಿರಿ. ಮೂರು ನಿಮಿಷ ದಾಟಿದ ಮೇಲೆ ಒಂದು ಮೌನ, ಅದರ ಬೆನ್ನಿಗೆ ಡ್ರಮ್ಮಿನ ಒಂದೇ ಒಂದು ಏಟು, ಆಮೇಲೆ ಇಡೀ ಹಾಡು ಬಿಳಿ 7ಕ್ಕೆ ಏರಿ ಕೂರುತ್ತದೆ. ಕರ್ನಾಟಕ ಸಂಗೀತ ಕಲಿತವರು ಇದನ್ನು ಗ್ರಹಭೇದ ಎಂದುಕೊಂಡು ಎಡವುತ್ತಾರೆ. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇದ್ದು ಷಡ್ಜದ ಜಾಗ ಮಾತ್ರ ಬದಲಾಗುತ್ತದೆ. ಇಲ್ಲಿ ಷಡ್ಜದ ಜೊತೆ ಎಲ್ಲ ಸ್ವರಗಳೂ ಎರಡು ಅರ್ಧಸ್ವರ (ಹಾರ್ಮೋನಿಯಂನಲ್ಲಿ ಕಪ್ಪು-ಬಿಳಿ ಸೇರಿಸಿ ಎರಡು ಮನೆ) ಮೇಲಕ್ಕೆ ಹೋಗುತ್ತವೆ. ಹಳೆಯ ಚತುಶ್ರುತಿ ರಿಷಭವೇ ಹೊಸ ಷಡ್ಜ. ಕಿವಿಯಲ್ಲಿ ಹಳೆಯ ತಂಬೂರಿ ಮೊಳಗುತ್ತಿದ್ದರೆ ಅದರ ಷಡ್ಜ ಈಗ ಕೈಶಿಕಿ ನಿಷಾದ, ಪಂಚಮ ಈಗ ಶುದ್ಧ ಮಧ್ಯಮ. ಗಂಟಲು ಯಾವುದನ್ನು ನಂಬಬೇಕು?

ಆ ಏಟಿನ ಹಿಂದಿನ ಮೌನವನ್ನು ಬೆರಳೆಣಿಸಿ ಅಳೆಯಲು ಹೋಗಬೇಡಿ. ಮೌನದಲ್ಲೇ ಉಸಿರು ತುಂಬಿಕೊಂಡು, ಹೊಸ ಷಡ್ಜವನ್ನು ಮನಸ್ಸಿನಲ್ಲಿ ಹಿಡಿದು ಕಾಯಿರಿ. ಏಟು ಬಿದ್ದ ಮೇಲೆ ಉಸಿರೆಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ.

ಮಾಡುವ ಇನ್ನೊಂದು ತಪ್ಪು, ಶ್ರುತಿಯನ್ನು ಆರಂಭದ ಸಾಲಿಗೆ ನೋಡಿ ಹೊಂದಿಸಿಕೊಳ್ಳುವುದು. ಆರಂಭ ತಗ್ಗಿನಲ್ಲಿರುವುದರಿಂದ 'ಆಹಾ, ಸುಲಭ' ಎನಿಸುತ್ತದೆ. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ಕೊನೆಯ ಪಲ್ಲವಿಯನ್ನು ಕಿರುಚದೆ ಎರಡು ಸಲ ಹಾಡಲು ಆಗುವ ಎತ್ತರ ಹುಡುಕಿ, ಅಲ್ಲಿಂದ ಎರಡು ಅರ್ಧಸ್ವರ ಕೆಳಗಿಳಿದರೆ ಸಿಗುವುದು ನಿಮ್ಮ ಆರಂಭದ ಶ್ರುತಿ. ಹಾಗೆ ಮಾಡಿದಾಗ ಮೊದಲ ಚರಣ ಪಾತಾಳಕ್ಕೆ ಹೋಗಿ ಕೇಳಿಸದಂತಾದರೆ ಈ ರೂಪ ನಿಮ್ಮ ಗಂಟಲಿಗಲ್ಲ. ಟ್ರ್ಯಾಕನ್ನು ಆ್ಯಪ್‌ನಲ್ಲಿ ನಾಲ್ಕೈದು ಅರ್ಧಸ್ವರ ಇಳಿಸಿದರೆ ನಡುವಿನ ಸ್ಯಾಕ್ಸೊಫೋನ್ ನೆಗಡಿ ಹಿಡಿದಂತೆ ಕೇಳುತ್ತದೆ.

ಡಾಲಿಯದರಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಗಿಟಾರ್‌ನಲ್ಲಿ ಜಿ, ಸಿ, ಡಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ನಡುವೆ ಇ ಮೈನರ್ ಸೇರಿಸಿದರೆ ಮನೆಯಲ್ಲಿ ಹಾಡುವುದಕ್ಕೆ ಧಾರಾಳ. ಎತ್ತರ ಬೇಕಾದರೆ ಕಾಪೊ, ಅಂದರೆ ಗಿಟಾರಿನ ಕತ್ತಿಗೆ ಅಡ್ಡ ಹಾಕಿ ತಂತಿಗಳನ್ನು ಒತ್ತುವ ಕ್ಲಿಪ್ಪು, ಮೇಲಕ್ಕೆ ಸರಿಸಿ. ಕಾಪೊ ಶ್ರುತಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಜಿ ಶ್ರುತಿಯೇ ಎತ್ತರವಾಗುವ ಗಂಡಸರು ಡಿ, ಜಿ, ಎ ಹಿಡಿಯುವುದು ಒಳ್ಳೆಯದು, ಇ ಮೈನರ್ ಜಾಗಕ್ಕೆ ಬಿ ಮೈನರ್ ಬರುತ್ತದೆ. ಬಲಗೈ ಮೆತ್ತಗಿರಲಿ, ಹೆಬ್ಬೆರಳಿನಿಂದ ಕೆಳಸ್ವರದ ತಂತಿ, ಉಳಿದ ಬೆರಳಿಂದ ಮೇಲುಸ್ವರದ ಮೂರು.

ಕಷ್ಟ ಇರುವುದು ಮೂರನೆಯ ಚರಣದಲ್ಲಿ. ಡಾಲಿ ಅದನ್ನು ಹಾಡುವುದಿಲ್ಲ, ಮಾತಿನಲ್ಲಿ ಹೇಳುತ್ತಾಳೆ. ನಾವು ಹೇಳಿದರೆ ಶಾಲಾ ವಾರ್ಷಿಕೋತ್ಸವದ ಭಾಷಣದಂತಾಗುವ ಅಪಾಯವಿದೆ. ಅಲ್ಲಿ ಮಾತ್ರ ವಿಟ್ನಿಯಂತೆ ಹಾಡಿಬಿಡುವುದೇ ವಾಸಿ. ಚರಣ ಬಿಡುವುದಂತೂ ಬೇಡ. ಕಾಸ್ಟ್‌ನರ್ ತಂದುಕೊಟ್ಟಿದ್ದು ಗಾಯಕಿ ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಹಾಡಿದ ರೂಪ, ಅದರಲ್ಲಿ ಈ ಚರಣವೇ ಇರಲಿಲ್ಲ. ವಿಟ್ನಿಯ ಧ್ವನಿಮುದ್ರಣದ ನಿರ್ಮಾಪಕ ಡೇವಿಡ್ ಫಾಸ್ಟರ್‌ಗೆ ಅದರ ಸಾಲುಗಳನ್ನು ಡಾಲಿಯೇ ಹೇಳಿಕೊಟ್ಟಳು. ಬಿಟ್ಟುಹೋಗುವವಳು ಎದುರಿಗಿರುವವನಿಗೆ ಒಳಿತು ಹಾರೈಸುವುದು ಅಲ್ಲೇ.

ಅಂದಹಾಗೆ ಇದು ಪ್ರೇಮಿಗೆ ಬರೆದ ಹಾಡಲ್ಲ. ತನ್ನನ್ನು ಟಿವಿ ಕಾರ್ಯಕ್ರಮದಲ್ಲಿ ಬೆಳೆಸಿದ ಪೋರ್ಟರ್ ವ್ಯಾಗನರ್‌ನಿಂದ ಬೇರೆಯಾಗಿ ತನ್ನ ದಾರಿ ಹಿಡಿಯುವಾಗ ಬರೆದದ್ದು. ಹಾಗಾಗಿ ಆರತಕ್ಷತೆಯಲ್ಲಿ ಎರಡು ರೂಪವೂ ಬೇಡ, ಸಹೋದ್ಯೋಗಿಯ ಬೀಳ್ಕೊಡುಗೆಗೆ ಹೇಳಿ ಮಾಡಿಸಿದಂತಿದೆ. ದನಿ ಏರಿಸದೆ, ಹೊಸ್ತಿಲಲ್ಲಿ ನಿಂತು ಹೇಳುವ ಮಾತಿನಂತೆ ಹಾಡಬೇಕು. ವಿಟ್ನಿಯ ರೂಪದಲ್ಲಿ ಆ ಮಾತು ಊರಿಗೆಲ್ಲ ಕೇಳುತ್ತದೆ.

ಖರ್ಚಿನ ವಿಷಯ. ವಿಟ್ನಿಯದಕ್ಕೆ ಟ್ರ್ಯಾಕು, ಮೈಕು, ಕೊನೆಯ ಪಲ್ಲವಿಗೆ ಒಡೆಯದ ಸ್ಪೀಕರು, ತಲೆ ಕೆಡಿಸಿಕೊಳ್ಳದ ನೆರೆಹೊರೆ ಬೇಕು. ಡಾಲಿಯದಕ್ಕೆ ಗಿಟಾರು, ಕಾಪೊ. ನನ್ನ ಹಾಗೆ ರಾತ್ರಿ ಊಟವಾದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಕೂತು ಹಾಡುವವರಿಗೆ ಎರಡನೆಯದೇ ಸರಿ. ಗಂಟಲು ಗಟ್ಟಿಯಿದ್ದು, ಎದುರಿಗೆ ಇನ್ನೂರು ಜನ ಕೂತಿದ್ದು, ಡ್ರಮ್ ಬಾರಿಸುವವನು ನಿಮ್ಮ ಕಣ್ಣಸನ್ನೆಗೆ ಕಾಯುವಂತಿದ್ದರೆ ವಿಟ್ನಿಯದನ್ನು ಎತ್ತಿಕೊಳ್ಳಿ. ತಾಲೀಮಿನಲ್ಲಿ ಪ್ರತಿ ಸಲ ಪೂರ್ತಿ ಹಾಡಬೇಡಿ, ಮೌನ, ಏಟು, ಮೊದಲ ಸಾಲು ಇಷ್ಟನ್ನೇ ಹತ್ತು ಸಲ ಕಡಿಮೆ ದನಿಯಲ್ಲಿ ಹಾಡಿ.