ಉಡುಪಿಯವನೆಂದು ಹೇಳಿಕೊಂಡು ಟ್ರೈಲೋಬೈಟ್ ಮಾರುವವನ ಬಗ್ಗೆ ಎಚ್ಚರ

ಡೈನೊಸಾರ್‌ಗಳನ್ನು ಪಳಗಿಸುವ ಆನ್‌ಲೈನ್ ಆಟಗಳ ಗುಂಪುಗಳಲ್ಲಿ ಒಬ್ಬ ಪಳೆಯುಳಿಕೆ ಮಾರುತ್ತಿದ್ದಾನೆ. ಟ್ರೈಲೋಬೈಟ್ ಎಂದರೆ ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋದ, ಏಡಿ, ಸೀಗಡಿಗಳ ದೂರದ ನೆಂಟನಾದ ಸಮುದ್ರಜೀವಿ. ಊರು ಉಡುಪಿ ಎನ್ನುತ್ತಾನೆ, ತುಳುವಿನಲ್ಲಿ ಸೊಗಸಾಗಿ ಮಾತನಾಡುತ್ತಾನೆ, ಎಲ್ಲರನ್ನೂ ‘ಅಣ್ಣಾ’ ಎಂದೇ ಕರೆಯುತ್ತಾನೆ. ಮಂಗಳೂರು, ಉಡುಪಿ ಕಡೆಯ ಆಟಗಾರರೇ ಅವನ ಗಿರಾಕಿಗಳು. ನನ್ನಿಂದ ನಾಲ್ಕೂವರೆ ಸಾವಿರ ರೂಪಾಯಿ ಕಿತ್ತಿದ್ದಾನೆ. ಕುಂದಾಪುರದ ಒಬ್ಬ ಪಿಯುಸಿ ಹುಡುಗ ದುಡ್ಡಿನ ಜತೆಗೆ ಆಟದ ಖಾತೆಯನ್ನೂ ಕಳೆದುಕೊಂಡಿದ್ದಾನೆ.

ಕರಾವಳಿಯವರೇ ಏಕೆ? ನಮ್ಮ ನೆಲದಲ್ಲಿ ಪಳೆಯುಳಿಕೆಗೆ ಬರಗಾಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಇಲ್ಲಿ ಅಡಿಯಲ್ಲಿರುವುದು ಗ್ನೈಸ್; ಭೂಮಿಯ ಆಳದ ಶಾಖ, ಒತ್ತಡಗಳಲ್ಲಿ ರೂಪ ಬದಲಿಸಿದ ಬಹು ಪುರಾತನ ಕಲ್ಲು. ಅದರ ಮೇಲೆ ಮುರಕಲ್ಲು, ಅಂದರೆ ಮಳೆ ಮತ್ತು ಸೆಕೆ ಸೇರಿ ಬಂಡೆಯನ್ನು ಶಿಥಿಲಗೊಳಿಸಿ ಕಬ್ಬಿಣ, ಅಲ್ಯುಮಿನಿಯಂಗಳನ್ನು ಉಳಿಸಿದ ಪದರ. ಕಲ್ಲಿನ ಕೋರೆಯಲ್ಲಿ ದಿನವಿಡೀ ಅಲೆದರೂ ಚಿಪ್ಪಿನ ಗುರುತು ಕೂಡ ಸಿಗುವುದಿಲ್ಲ. ಬಂದರಿನ ಹತ್ತಿರ ಲೆಕ್ಕ ಬರೆಯುವ ಕೆಲಸ ನನ್ನದು. ರಜೆ ಒಟ್ಟುಗೂಡಿದಾಗ ರಾತ್ರಿ ರೈಲು ಹತ್ತಿ ತಮಿಳುನಾಡಿನ ತಿರುಚ್ಚಿಗೆ ಹೋಗಿ, ಅಲ್ಲಿಂದ ಅರಿಯಲೂರು, ಪೆರಂಬಲೂರು ಕಡೆ ಸುತ್ತುತ್ತೇನೆ. ಕ್ರಿಟೇಶಿಯಸ್ ಕಾಲದ, ಅಂದರೆ ಡೈನೊಸಾರ್‌ಗಳ ಕೊನೆಯ ಯುಗದ ಸಮುದ್ರತಳ ಅಲ್ಲಿ ಬಿಸಿಲಿಗೆ ಬಿದ್ದಿದೆ. ಕಾರೈ ಬಯಲಿನಲ್ಲಿ ಸ್ಕ್ವಿಡ್‌ನಂಥ ಪ್ರಾಣಿಗಳ ಪಳೆಯುಳಿಕೆಯಾದ ಬೆಲೆಮ್ನೈಟ್‌ಗಳನ್ನೂ ಸಾತನೂರಿನ ಕಲ್ಲಾದ ಮರವನ್ನೂ ನೋಡಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಬರುತ್ತೇನೆ, ಕಲ್ಲು ತರುವುದಿಲ್ಲ. ಉಳಿದ ರಾತ್ರಿಗಳೆಲ್ಲ ಆಟಕ್ಕೆ. ಟ್ರೈಲೋಬೈಟ್ ಬೇಕೆಂದರೆ ಹಿಮಾಚಲದ ಸ್ಪಿತಿಗೋ ಕಾಶ್ಮೀರಕ್ಕೋ ಹೋಗಬೇಕು, ಇಲ್ಲವೇ ಕೊಳ್ಳಬೇಕು.

ಅವನು ತೋರಿಸಿದ್ದು ಮೊರಾಕೊದ ಫೇಕಾಪ್ಸ್ ಎಂಬ ಟ್ರೈಲೋಬೈಟ್, ಡಿವೋನಿಯನ್ ಕಾಲದ್ದು, ಅಂದರೆ ಡೈನೊಸಾರ್‌ಗಳಿಗಿಂತ ಬಹಳ ಹಿಂದಿನದು. ಹಿಂಬದಿ ಕೇಳಿದೆ, ಕಳುಹಿಸಿದ. ಪಕ್ಕದಿಂದ ತೆಗೆದದ್ದು ಕೇಳಿದೆ, ಅದನ್ನೂ ಕಳುಹಿಸಿದ. ಎಲ್ಲವೂ ಅಸಲಿ ಕಲ್ಲಿನ ಚಿತ್ರಗಳೇ. ಕಲ್ಲು ಮಾತ್ರ ಅವನದಲ್ಲ. ಆದ್ದರಿಂದ ಫೋಟೊ ಎಷ್ಟು ಬಂದರೂ ಪ್ರಯೋಜನವಿಲ್ಲ. ನಿಮ್ಮ ಹೆಸರು ಮತ್ತು ಆ ದಿನದ ತಾರೀಕು ಬರೆದ ಚೀಟಿಯನ್ನು ಕಲ್ಲಿನ ಪಕ್ಕದಲ್ಲಿಟ್ಟು ವಿಡಿಯೊ ಮಾಡಲು ಹೇಳಿ. ಆ ಹುಡುಗ ಹಾಗೆ ಕೇಳಿದ್ದಕ್ಕೆ ಸಿಕ್ಕ ಉತ್ತರ, ‘ನಂಬಿಕೆ ಇಲ್ಲದಿದ್ದರೆ ಬಿಡಿ ಮಾರಾಯರೇ’. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಕೊರಿಯರ್‌ನಲ್ಲಿ ಬಂದದ್ದು ಸುಣ್ಣಕಲ್ಲಿನ ತುಂಡಿಗೆ ಅಂಟಿಸಿದ ರಾಳದ ಎರಕ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಮೈಮೇಲೆಲ್ಲ ಸೂಜಿಮೊನೆಯಷ್ಟು ಗುಳಿಗಳು; ಎರಕ ಹೊಯ್ಯುವಾಗ ಸಿಕ್ಕಿಬಿದ್ದ ಗಾಳಿಗುಳ್ಳೆಗಳವು. ಫೇಕಾಪ್ಸ್‌ನ ಚೆಲುವೆಲ್ಲ ಇರುವುದು ಅದರ ಕಣ್ಣಿನಲ್ಲಿ. ಕ್ಯಾಲ್ಸೈಟ್‌ನ ಮಸೂರಗಳು ಸಾಲುಸಾಲಾಗಿ, ಒಂದೊಂದೂ ಬೇರೆಯಾಗಿ ಕಾಣಬೇಕು. ಇದರಲ್ಲಿ ಕಣ್ಣೆಂಬುದು ಕರಗಿದ ಮೇಣದ ಬತ್ತಿಯಂತಿತ್ತು. ಕಲ್ಲಿನಲ್ಲಿದ್ದ ಬಿಳಿಗೆರೆ ಪ್ರಾಣಿಯ ಅಂಚಿಗೆ ಬಂದು ಥಟ್ಟನೆ ನಿಂತಿತ್ತು. ಅಸಲಿಯಲ್ಲಿ ಅಂಥ ಗೆರೆ ಎರಡನ್ನೂ ಸೀಳಿಕೊಂಡು ಹೋಗುವುದು ಸಾಮಾನ್ಯ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ತಾಗಿಸಿದೆ, ಬಳಿದಿದ್ದ ಬಣ್ಣ ಬಿಟ್ಟು ಹತ್ತಿಯೆಲ್ಲ ಕಪ್ಪಾಯಿತು. ಹಾಗೆಂದು ಅಸಿಟೋನ್‌ಗೆ ಅಂಟು ಕರಗಿದ ಮಾತ್ರಕ್ಕೆ ನಕಲಿ ಎನ್ನಬೇಡಿ. ಮೊರಾಕೊದ ಗಟ್ಟಿ ಕಲ್ಲಿನಿಂದ ಬಿಡಿಸುವಾಗ ಟ್ರೈಲೋಬೈಟ್ ಒಡೆಯುವುದು, ಅದನ್ನು ಅಂಟಿಸುವುದು ಮಾಮೂಲು. ಪ್ರಾಮಾಣಿಕ ವ್ಯಾಪಾರಿ ಅದನ್ನು ಮೊದಲೇ ಹೇಳುತ್ತಾನೆ.

ದುಡ್ಡು ವಾಪಸ್ ಕೇಳಿದಾಗ ಅವನ ನಿಜವಾದ ಕಸುಬು ಗೊತ್ತಾಯಿತು. ‘ದುಡ್ಡು ಖರ್ಚಾಗಿದೆ ಅಣ್ಣಾ, ಬದಲಿಗೆ ಆಟದಲ್ಲಿ ನನ್ನ ಬಳಿ ಇರುವ ಅಪರೂಪದ ಡೈನೊಸಾರ್ ಕೊಡುತ್ತೇನೆ, ವರ್ಗಾಯಿಸಲು ನಿಮಗೊಂದು ಒಟಿಪಿ ಬರುತ್ತದೆ, ಹೇಳಿ’ ಎಂದ. ಆಟದೊಳಗೆ ಪ್ರಾಣಿಯನ್ನು ಕೊಡಲು ಯಾವ ಒಟಿಪಿಯೂ ಬೇಕಾಗಿಲ್ಲ. ಅದು ನಿಮ್ಮ ಖಾತೆಯ ಪಾಸ್‌ವರ್ಡ್ ಬದಲಿಸಲು ಬರುವ ಸಂಖ್ಯೆ. ನಾನು ಕೊಡಲಿಲ್ಲ, ಕುಂದಾಪುರದ ಹುಡುಗ ಕೊಟ್ಟ. ವರ್ಷಗಟ್ಟಲೆ ಆಡಿ ಕಟ್ಟಿದ್ದ ಖಾತೆ ಅವನ ಕೈತಪ್ಪಿತು. ನಕಲಿ ಕಲ್ಲು ಇವನಿಗೆ ಗಾಳದ ಹುಳು ಅಷ್ಟೇ ಎಂದು ನನ್ನ ಅನುಮಾನ. ಮೋಸ ಹೋದವರು ಪರಿಹಾರಕ್ಕಾಗಿ ಆತುರಪಡುತ್ತಾರಲ್ಲ, ಆ ಹೊತ್ತಿಗೇ ಅವನು ಕಾಯುತ್ತಾನೆ.

ಅವನ ಪಟ್ಟಿಯಲ್ಲಿ ‘ಸೇಂಟ್ ಮೇರೀಸ್ ದ್ವೀಪದ ಕಲ್ಲಾದ ಮರ’ ಕೂಡ ಇದೆ. ಮಲ್ಪೆಯಿಂದ ದೋಣಿ ಹತ್ತಿದವರೆಲ್ಲ ನೋಡಿರುವ ಆ ಕಂಬಗಳು ಮರವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಆದ ಆಕಾರಗಳು. ಕರ್ನಾಟಕದ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು. ಕಲ್ಲು ನಿಜವಾಗಿ ಅಲ್ಲಿಯದೇ ಆದರೆ ಅದು ಕದ್ದ ಮಾಲು, ಅಲ್ಲದಿದ್ದರೆ ಸುಳ್ಳು. ಪೂಜೆಗೆಂದು ಕೇಳುವ ಹಿರಿಯರಿಗೆ ಅವನ ಬಳಿ ಸಾಲಿಗ್ರಾಮವೂ ಉಂಟಂತೆ. ಗಂಡಕಿ ನದಿಯ ಅಸಲಿ ಸಾಲಿಗ್ರಾಮದೊಳಗೆ ಅಮೋನೈಟ್ ಎಂಬ ಅಳಿದುಹೋದ ಸಮುದ್ರಜೀವಿಯ ಚಿಪ್ಪಿನ ಸುರುಳಿ ಇರುತ್ತದೆ. ಅವನು ಕಳುಹಿಸಿದ ಚಿತ್ರದಲ್ಲಿ ಸುರುಳಿಯ ಗೀರುಗಳು ಯಂತ್ರದಿಂದ ಕೊರೆದಷ್ಟು ಸಮವಾಗಿದ್ದವು.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯುಪಿಐ ವಹಿವಾಟಿನ ಸಂಖ್ಯೆ, ಮಾತುಕತೆಯ ಸ್ಕ್ರೀನ್‌ಶಾಟ್, ಕೊರಿಯರ್ ಚೀಟಿ ಯಾವುದನ್ನೂ ಅಳಿಸಬೇಡಿ, ಎಸೆಯಬೇಡಿ. ನಾನು ದೂರು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ.

ಅವನ ಫೋನ್ ಸಂಖ್ಯೆ ಈಗ ಬೇರೆ, ಆಟದೊಳಗಿನ ಹೆಸರೂ ಬೇರೆ. ಫೋಟೊ ಮಾತ್ರ ಅದೇ: ಹಸಿರು ಬಟ್ಟೆಯ ಮೇಲೆ ಬೂದು ಕಲ್ಲು, ಎಡ ಮೂಲೆ ಮುರಿದದ್ದು, ಅಳತೆಪಟ್ಟಿ ಇಲ್ಲ. ಮೊನ್ನೆ ಇನ್ನೊಂದು ಗುಂಪಿನಲ್ಲಿ ಕಂಡಾಗ ಬೆಲೆ ಮೂರು ಸಾವಿರಕ್ಕೆ ಇಳಿದಿತ್ತು.