ಬಾಧ್ಯತೆಗೆ ಪೂರ್ಣ ಅಂಕ, ಸಾಮರ್ಥ್ಯಕ್ಕೆ ಅರ್ಧ: ಮೋಡಲ್ ಕ್ರಿಯಾಪದಗಳ ಒಂದು ಆನ್‌ಲೈನ್ ಪಾಠ

ಇಂಗ್ಲಿಷನ್ನು ಸ್ವಂತವಾಗಿ ಕಲಿಯುವವರಿಗೆಂದು ರೂಪಿಸಿದ ಆನ್‌ಲೈನ್ ಪಾಠಮಾಲೆಯೊಂದರಲ್ಲಿ, ಬಾಧ್ಯತೆಯನ್ನೂ ಸಾಮರ್ಥ್ಯವನ್ನೂ ಸೂಚಿಸುವ ಮೋಡಲ್ ಕ್ರಿಯಾಪದಗಳ, ಅಂದರೆ ಮುಖ್ಯ ಕ್ರಿಯಾಪದದ ಜೊತೆಗೆ ಬರುವ ‘ಮಸ್ಟ್’, ‘ಕ್ಯಾನ್’ನಂತಹ ಸಹಾಯಕ ಪದಗಳ, ಘಟಕವನ್ನು ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ. ಅದರ ಮೊದಲರ್ಧ ಎಷ್ಟು ಎಚ್ಚರದಿಂದ ಸಿದ್ಧವಾಗಿದೆಯೋ, ಉಳಿದರ್ಧ ಅಷ್ಟೇ ಅವಸರದಲ್ಲಿ ಮುಗಿದಿದೆ.

ಬಾಧ್ಯತೆಯ ಪಾಠವು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರಿಂದ ಆರಂಭವಾಗುತ್ತದೆ. ಮಾತನಾಡುವವರೇ ಒತ್ತಾಯ ಹೇರುವಾಗ ‘ಮಸ್ಟ್’, ಕಾನೂನು ಅಥವಾ ವೇಳಾಪಟ್ಟಿಯಂತಹ ಹೊರಗಿನ ಕಟ್ಟಳೆಯನ್ನು ತಿಳಿಸುವಾಗ ‘ಹ್ಯಾವ್ ಟು’ ಹೆಚ್ಚಾಗಿ ಬರುತ್ತದೆ ಎಂದು ವಿವರಿಸಿ, ಇದು ಗೆರೆ ಕೊರೆದಂತಹ ವಿಭಜನೆಯಲ್ಲ, ಆಡುಮಾತಿನಲ್ಲಿ ‘ಹ್ಯಾವ್ ಟು’ ಎರಡೂ ಕಡೆ ಸಲ್ಲುತ್ತದೆ ಎಂದೂ ಒಪ್ಪಿಕೊಳ್ಳುತ್ತದೆ. ಇಂತಹ ಪ್ರಾಮಾಣಿಕತೆ ವ್ಯಾಕರಣದ ಪಾಠಗಳಲ್ಲಿ ಅಪರೂಪ.

ಆದರೆ ಈ ಭಾಗದ ನಿಜವಾದ ಬಲ ಇರುವುದು ನಿಷೇಧರೂಪಗಳ ಅಭ್ಯಾಸದಲ್ಲಿ. ‘ಯೂ ಮಸ್ಟ್ ನಾಟ್ ಪೇ’ ಎಂದರೆ ಹಣ ಕೊಡಕೂಡದು. ‘ಯೂ ಡೋಂಟ್ ಹ್ಯಾವ್ ಟು ಪೇ’ ಎಂದರೆ ಕೊಡುವ ಅಗತ್ಯವಿಲ್ಲ, ಬೇಕಿದ್ದರೆ ಕೊಡಬಹುದು. ಬಿಟ್ಟ ಸ್ಥಳ ತುಂಬಿಸುವ ಬದಲು, ಸೂಚನೆಯನ್ನು ಓದಿದ ವ್ಯಕ್ತಿ ಮುಂದೇನು ಮಾಡಬಹುದು ಎಂದು ಕೇಳಿರುವುದರಿಂದ, ಅರ್ಥ ತಿಳಿಯದೆ ಊಹೆಯ ಮೇಲೆ ಅಂಕ ಗಳಿಸುವುದು ಇಲ್ಲಿ ಕಷ್ಟ. ‘ಶುಡ್’, ‘ಆಟ್ ಟು’ಗಳ ಸಲಹೆಯ ಧಾಟಿಯನ್ನು ಪಾಠ ಚುಟುಕಾಗಿ ಹೇಳಿ ಮುಗಿಸಿದೆ, ಅಷ್ಟು ಸಾಕು. ‘ನೀಡಂಟ್ ಹ್ಯಾವ್ ಗಾನ್’ ಎಂದರೆ ಅಗತ್ಯವಿಲ್ಲದಿದ್ದರೂ ಹೋಗಿದ್ದಾಯಿತು ಎಂಬ ಅರ್ಥ ಬರುತ್ತದೆ, ‘ಡಿಡಂಟ್ ನೀಡ್ ಟು ಗೋ’ ಎಂಬಲ್ಲಿ ಹೋದದ್ದು ಖಚಿತವಿಲ್ಲ ಎಂಬ ವ್ಯತ್ಯಾಸವನ್ನು ಮಾತ್ರ ಸೇರಿಸಬಹುದಿತ್ತು.

ಸಾಮರ್ಥ್ಯದ ಭಾಗವು ‘ಕುಡ್’ ಎಂಬುದು ‘ಕ್ಯಾನ್’ನ ಭೂತಕಾಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತದೆ. ಬಾಲ್ಯದಲ್ಲಿ ಈಜು ಬರುತ್ತಿತ್ತು ಎಂಬ ಸಾಮಾನ್ಯ ಸಾಮರ್ಥ್ಯಕ್ಕೆ ಇದು ಸರಿ. ದೋಣಿ ಮಗುಚಿದಾಗ ಈಜಿ ದಡ ಸೇರಿದ ಒಂದು ನಿರ್ದಿಷ್ಟ ಸಂದರ್ಭಕ್ಕಾದರೋ ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’ ಬರಬೇಕು. ‘ಕುಡ್ ನಾಟ್’ ಮಾತ್ರ ಎರಡೂ ಕಡೆ ಹೊಂದುತ್ತದೆ. ‘ಸೀ’, ‘ಹಿಯರ್’ನಂತಹ ಇಂದ್ರಿಯಾನುಭವದ ಕ್ರಿಯಾಪದಗಳೊಂದಿಗೆ ‘ಕುಡ್’ ಒಂದೇ ಸಂದರ್ಭದಲ್ಲೂ ಸಹಜ. ಇವಾವುವೂ ಪಾಠದಲ್ಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ದೋಣಿಯ ಪ್ರಸಂಗದಂತಹ ನಿರ್ದಿಷ್ಟ ಸಂದರ್ಭದ ಪ್ರಶ್ನೆಯೊಂದಕ್ಕೆ ರಸಪ್ರಶ್ನೆಯು ‘ಕುಡ್’ ಒಂದನ್ನೇ ಸರಿಯುತ್ತರವೆಂದು ಗುರುತಿಸುತ್ತದೆ. ‘ವಿಲ್ ಕ್ಯಾನ್’ ತಪ್ಪು ಎನ್ನುತ್ತದೆ, ಎರಡು ಮೋಡಲ್‌ಗಳು ಒಟ್ಟಿಗೆ ಬರುವುದಿಲ್ಲವಾದ್ದರಿಂದ ‘ವಿಲ್ ಬೀ ಏಬಲ್ ಟು’ ಬೇಕಾಗುತ್ತದೆ ಎಂಬ ಕಾರಣವನ್ನು ಹೇಳುವುದಿಲ್ಲ.

ಧ್ವನಿಮುದ್ರಣ ಸ್ಪಷ್ಟವಾಗಿದೆ, ಅತಿಯಾಗಿ ಸ್ಪಷ್ಟವಾಗಿದೆ ಎಂಬುದೇ ತೊಂದರೆ. ಸಹಜ ವೇಗದ ಮಾತಿನಲ್ಲಿ ‘ಕ್ಯಾನ್’ ಒತ್ತಿಲ್ಲದೆ ‘ಕನ್’ನಂತೆ ಕ್ಷೀಣವಾಗುತ್ತದೆ, ‘ಕಾಂಟ್’ ಒತ್ತಿನೊಂದಿಗೆ ಪೂರ್ಣವಾಗಿ ಉಳಿಯುತ್ತದೆ; ಕೊನೆಯ ‘ಟ್’ ಕೇಳಿಸದಿದ್ದರೂ ಕೇಳುಗರು ಈ ಒತ್ತಿನಿಂದಲೇ ಹೌದು, ಅಲ್ಲಗಳನ್ನು ಬೇರ್ಪಡಿಸುತ್ತಾರೆ. ಇಲ್ಲಿ ಎರಡಕ್ಕೂ ಸಮಾನ ಒತ್ತು ಬಿದ್ದಿದೆ. ಪತ್ರ, ಸೂಚನೆ, ನಿಯಮಾವಳಿಗಳನ್ನು ಬರೆಯುವವರು ಮೊದಲರ್ಧಕ್ಕಾಗಿಯೇ ಇದನ್ನು ಕೊಳ್ಳಬಹುದು. ಸಂಭಾಷಣೆಗೆ ಸಿದ್ಧರಾಗುತ್ತಿರುವವರು ಬೇರೊಂದು ಪಾಠವನ್ನು ನೋಡಿಕೊಳ್ಳುವುದು ಲೇಸು.