‘ಮೈದಾ ಇಲ್ಲ ಮೇಡಂ’ ಅಂದರೆ ಗ್ಲೂಟನ್ ಇಲ್ಲ ಅಂತಲ್ಲ

ಮನೆಯಲ್ಲಿ ಸೀಲಿಯಾಕ್ ಕಾಯಿಲೆಯವರು ಇದ್ದರೆ ದಯವಿಟ್ಟು ಇದನ್ನು ಓದಿ. ಬೇಕರಿಯವರು ‘ಗ್ಲೂಟನ್ ಫ್ರೀ’ ಅಂತ ತಪ್ಪಾಗಿ ಮಾರುವ ಬ್ರೆಡ್ಡಿನಿಂದ, ತೂಕ ಇಳಿಸೋಕೆ ಅಂತ ಗೋಧಿ ಬಿಟ್ಟವರಿಗೆ ದುಡ್ಡು ದಂಡ, ಅಷ್ಟೇ. ನಮ್ಮಂಥವರಿಗೆ ಹಾಗಲ್ಲ.

ನನ್ನ ಮಗಳಿಗೆ ಸೀಲಿಯಾಕ್ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದರೆ ಅವಳ ದೇಹ ತನ್ನ ಸಣ್ಣ ಕರುಳನ್ನೇ ಹಾಳುಮಾಡಿಕೊಳ್ಳುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಪಥ್ಯವೇ ಔಷಧಿ. ಮನೆ ಊಟಕ್ಕೆ ನಮ್ಮ ಕಡೆ ತೊಂದರೆಯೇನಿಲ್ಲ. ಅಕ್ಕಿ ರೊಟ್ಟಿ, ಮುದ್ದೆ, ಜೋಳದ ರೊಟ್ಟಿ, ಇಡ್ಲಿ, ದೋಸೆ ಎಲ್ಲ ಇವೆ. ಆದರೆ ಶಾಲೆಯಲ್ಲಿ ಪಕ್ಕದವಳ ಡಬ್ಬಿಯಲ್ಲಿ ಸ್ಯಾಂಡ್‌ವಿಚ್ ನೋಡಿದ ಮಗು ಅದನ್ನು ಕೇಳದೆ ಇರುತ್ತಾ?

ಬೆಂಗಳೂರಿನ ನಮ್ಮ ಬಡಾವಣೆಯ ಬೇಕರಿಯೊಂದರಲ್ಲಿ ‘ಗ್ಲೂಟನ್ ಫ್ರೀ ರಾಗಿ ಬ್ರೆಡ್’ ಅಂತ ಬರೆದು ಅಂಟಿಸಿದ್ದರು. ಕೌಂಟರಿನಲ್ಲಿ ಎರಡೆರಡು ಸಲ ಕೇಳಿದೆ. “ಮೈದಾ ಒಂದು ಚೂರೂ ಹಾಕಲ್ಲ ಮೇಡಂ, ಧೈರ್ಯವಾಗಿ ಕೊಡಿ ಮಗೂಗೆ” ಅಂದರು. ಬ್ರೆಡ್ ಮೆತ್ತಗೆ, ಚೆನ್ನಾಗಿ ಉಬ್ಬಿತ್ತು. ಮಗಳು ಖುಷಿಯಿಂದ ತಿಂದಳು. ರಾತ್ರಿ ಹೊಟ್ಟೆನೋವು, ವಾಂತಿ, ಭೇದಿ. ಆಮೇಲೂ ಹೊಟ್ಟೆಯುಬ್ಬರ, ಸುಸ್ತು ಬೇಗ ಬಿಡಲಿಲ್ಲ. ಶಾಲೆಯೂ ತಪ್ಪಿತು.

ಬೇಕರಿಗೆ ಹೋಗಿ ಜಗಳ ಆಡಲಿಲ್ಲ. ಗಿರಾಕಿಗಳಿಲ್ಲದ ಹೊತ್ತು ನೋಡಿ, ಹಿಂದೆ ಒಲೆಯ ಹತ್ತಿರ ಕೆಲಸ ಮಾಡುವ ಹುಡುಗನನ್ನು ಮಾತಾಡಿಸಿದೆ. ಅವನು ಮುಚ್ಚುಮರೆ ಇಲ್ಲದೆ ಹೇಳಿದ: “ರಾಗಿ ಸ್ವಲ್ಪಾನೇ ಅಕ್ಕ, ಮಿಕ್ಕಿದ್ದು ಗೋಧಿ ಹಿಟ್ಟು. ಬರೀ ರಾಗೀಲಿ ಬ್ರೆಡ್ ಏಳಲ್ಲ. ಅದಕ್ಕೇ ಗ್ಲೂಟನ್ ಪೌಡರ್ ಬೇರೆ ಹಾಕ್ತೀವಿ.”

ಗ್ಲೂಟನ್ ಫ್ರೀ ಬ್ರೆಡ್‌ಗೆ ಗ್ಲೂಟನ್ ಪೌಡರ್! ಮಾಲೀಕರನ್ನು ಕೇಳಿದರೆ ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. “ಮೈದಾ ಇಲ್ವಲ್ಲ ಮೇಡಂ, ಅದನ್ನೇ ಅಲ್ವಾ ಗ್ಲೂಟನ್ ಫ್ರೀ ಅನ್ನೋದು? ಸ್ವಲ್ಪ ಸ್ವಲ್ಪ ತಿಂತಾ ಇದ್ರೆ ಅಭ್ಯಾಸ ಆಗುತ್ತೆ” ಅಂದರು. ಬೇಕಂತಲೇ ಮೋಸ ಮಾಡಿದರು ಅಂತ ನನಗೆ ಅನಿಸಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಹೆಚ್ಚು ಭಯ ಆಗಿದ್ದು ಅದಕ್ಕೇ. ಮೋಸಗಾರನಾದರೆ ಮಾತು ತಡವರಿಸುತ್ತಾನೆ, ಇವರು ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾರೆ.

ಮೈದಾ ಅಂದರೆ ಹೊಟ್ಟು ತೆಗೆದ ಗೋಧಿಯೇ. ಚಪಾತಿ ಹಿಟ್ಟು, ಚಿರೋಟಿ ರವೆ, ಉಪ್ಪಿಟ್ಟಿನ ಬನ್ಸಿ ರವೆ ಎಲ್ಲದರಲ್ಲೂ ಗ್ಲೂಟನ್ ಇದೆ. ಹಿಟ್ಟು ನಾದಿದಾಗ ಬರುವ ಜಿಗುಟು ಅದರದ್ದೇ. ಹುದುಗು ಬಂದಾಗ ಏಳುವ ಗಾಳಿಯನ್ನು ಬಲೂನಿನ ಹಾಗೆ ಹಿಡಿದಿಡುವುದೂ ಅದೇ. ರಾಗಿಗೆ ಆ ಗುಣ ಇಲ್ಲ. ಅದಕ್ಕೇ ನಿಜವಾದ ಗ್ಲೂಟನ್ ಫ್ರೀ ಬ್ರೆಡ್‌ಗೆ ಇಸಬ್‌ಗೋಲ್ ಹೊಟ್ಟು ಅಥವಾ ಕ್ಸಾಂಥಾನ್ ಗಮ್ ಹಾಕುತ್ತಾರೆ. ಆಗಲೂ ಅದು ಸ್ವಲ್ಪ ಗಟ್ಟಿ, ಭಾರ, ಬೇಗ ಪುಡಿಯಾಗುತ್ತದೆ. ಬೇಕರಿಯ ರಾಗಿ ಬ್ರೆಡ್, ಸಿರಿಧಾನ್ಯದ ಬ್ರೆಡ್ ಹತ್ತಿಯಷ್ಟು ಮೃದುವಾಗಿದ್ದರೆ ಅನುಮಾನ ಪಡಿ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ನಿಯಮದ ಪ್ರಕಾರ, ‘ಗ್ಲೂಟನ್ ಫ್ರೀ’ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲೂಟನ್ ಇರಬಾರದು. ಮಾಮೂಲಿ ಬ್ರೆಡ್ಡಿನ ಒಂದೇ ಸ್ಲೈಸಿನಲ್ಲಿ ಅದು ಗ್ರಾಂ ಲೆಕ್ಕದಲ್ಲಿರುತ್ತದೆ. ದಿನಾ 50 ಮಿಲಿಗ್ರಾಂ ಹೋದರೂ ಕೆಲವೇ ತಿಂಗಳಲ್ಲಿ ಕರುಳಿಗೆ ಪೆಟ್ಟು ಬೀಳುತ್ತದೆ ಅಂತ ಸೀಲಿಯಾಕ್ ಇದ್ದವರ ಮೇಲೆ ನಡೆದ ಅಧ್ಯಯನ ತೋರಿಸಿದೆ. “ಅಭ್ಯಾಸ ಆಗುತ್ತೆ” ಅನ್ನುವವರಿಗೆ ಇದನ್ನು ಹೇಳಿ.

ಹಾಗಾಗಿ ‘ಗ್ಲೂಟನ್ ಫ್ರೀನಾ?’ ಅಂತ ಸುಮ್ನೆ ಕೇಳಬೇಡಿ. ಹೌದು ಅಂತಲೇ ಉತ್ತರ ಬರುತ್ತದೆ. ಯಾವ ಹಿಟ್ಟು, ಉಬ್ಬೋಕೆ ಏನು ಹಾಕ್ತೀರಿ, ಇದೇ ಟ್ರೇನಲ್ಲಿ ಬನ್ ಬೇಯಿಸ್ತೀರಾ, ಇದೇ ಮಿಷನ್‌ನಲ್ಲಿ ಬೇರೆ ಬ್ರೆಡ್ ಕತ್ತರಿಸ್ತೀರಾ ಅಂತ ಕೇಳಿ. ಇನ್ನೊಂದು ಬೇಕರಿಯಲ್ಲಿ ಅಕ್ಕಿ ಹಿಟ್ಟಿನ ಒಳ್ಳೆಯ ಬ್ರೆಡ್ಡೇ ಮಾಡಿದ್ದರು. ಆದರೆ ನನ್ನ ಕಣ್ಣೆದುರೇ ಅದನ್ನು ಗೋಧಿ ಬ್ರೆಡ್ ಕತ್ತರಿಸಿದ ಮಿಷನ್‌ಗೇ ಹಾಕಿದರು. ವಾಪಸ್ ಬಂದೆ. ಹಿಟ್ಟಿನ ಗಿರಣಿಯದ್ದೂ ಇದೇ ಕಥೆ. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಬೀಸಿದರೆ ಅದು ಪಥ್ಯದ ರಾಗಿ ಅಲ್ಲ. ಅಂಗಡಿಯ ಇಂಗಿನಲ್ಲೂ ಎಷ್ಟೋ ಸಲ ಮೈದಾ ಇರುತ್ತದೆ, ಡಬ್ಬಿ ತಿರುಗಿಸಿ ನೋಡಿ.

ಇನ್ನೊಂದು ಮಾತು. ಅನುಮಾನ ಇದೆ ಅಂತ ನೀವೇ ಗೋಧಿ ನಿಲ್ಲಿಸಿಬಿಟ್ಟು ಆಮೇಲೆ ರಕ್ತಪರೀಕ್ಷೆಗೆ ಹೋಗಬೇಡಿ. ಗ್ಲೂಟನ್ ತಿನ್ನುತ್ತಿರುವಾಗಲೇ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಸದ್ಯಕ್ಕೆ ಸೀಲ್ ಆದ ಪ್ಯಾಕೆಟ್ಟಿನಲ್ಲಿ ‘ಗ್ಲೂಟನ್ ಫ್ರೀ’ ಅಂತ ಅಚ್ಚಾಗಿರುವ, ಪದಾರ್ಥಗಳ ಪಟ್ಟಿ ಇರುವ ಬ್ರೆಡ್ ಮಾತ್ರ ತರುತ್ತಿದ್ದೇವೆ. ಬೆಲೆ ಜಾಸ್ತಿಯೇ. ಸ್ಲೈಸ್‌ಗಳನ್ನು ಫ್ರೀಜರಿನಲ್ಲಿಟ್ಟು ಬೇಕಾದಷ್ಟೇ ತೆಗೆದು ಟೋಸ್ಟ್ ಮಾಡುತ್ತೇವೆ. ಆ ಟೋಸ್ಟರ್‌ನಲ್ಲಿ ಬೇರೆ ಯಾರ ಬ್ರೆಡ್ಡೂ ಹಾಕುವಂತಿಲ್ಲ, ಅವರಪ್ಪನದ್ದೂ ಸೇರಿ.